ಅಳುವಿಗೆ ಬಿದ್ದ ಚಪ್ಪಾಳೆ

ನನ್ನ ಚಿಗವ್ವ, ಅಂದರೆ ಅವ್ವನ ತಂಗಿ, ಅಳುವುದರಲ್ಲಿ ಹೆಸರಾದವಳು. ಹೀಗೆ ಹೇಳಿದರೆ ಹೊರಗಿನವರಿಗೆ ನಗು ಬರಬಹುದು. ಆದರೆ ಸವಡಿಯಲ್ಲಿ ಮತ್ತು ಅದರ ಆಸುಪಾಸಿನ ಊರುಗಳಲ್ಲಿ ಯಾರಾದರೂ ತೀರಿಕೊಂಡ ಸುದ್ದಿ ಬಂದರೆ, ಮಣ್ಣು ಕೊಡುವುದು ಎಷ್ಟು ಹೊತ್ತಿಗೆ ಎಂದು ತಿಳಿದುಕೊಂಡ ಮೇಲೆ ಹೆಂಗಸರು ಕೇಳುತ್ತಿದ್ದ ಮಾತು ಒಂದೇ: ‘ಆಕಿ ಬಂದಾಳೇನು?’

ಹಾಡಿಕೊಂಡು ಅಳುವುದು ನಮ್ಮ ಕಡೆಯ ಹೆಂಗಸರಿಗೆ ಹೊಸದಲ್ಲ. ಸತ್ತವರನ್ನು ಗೋಡೆಗೆ ಆನಿಸಿ ಕೂಡಿಸಿ, ವಿಭೂತಿ ಹಚ್ಚಿ, ಹೂವು ಹಾಕಿರುತ್ತಾರೆ. ಹೊರಗೆ ಗಂಡಸರ ಭಜನೆ ನಡೆದಿರುತ್ತದೆ. ಒಳಗೆ ಬಂದ ಒಬ್ಬೊಬ್ಬ ಹೆಂಗಸೂ ಸತ್ತವರನ್ನು ಅಣ್ಣಾ, ಅತ್ತೀ, ಯಪ್ಪಾ ಎಂದು ಕರೆದು ರಾಗ ಎಳೆದು ನಾಲ್ಕು ಮಾತು ಅಳುತ್ತಾಳೆ. ಹೆಚ್ಚಿನವರು ಅಳುವುದು ಅವೇ ಹಳೆಯ ನಾಲ್ಕು ಮಾತು. ಎಲ್ಲಿ ಹೋದಿ, ಯಾಕ ಹೋದಿ, ನಮ್ಮನ್ಯಾಕ ಬಿಟ್ಟು ಹೋದಿ. ಚಿಗವ್ವನ ಅಳು ಹಾಗಿರಲಿಲ್ಲ. ಆಕೆ ಬಂದು ಸತ್ತವರ ಮೊಣಕಾಲ ಮೇಲೆ ಕೈ ಇಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂಡುತ್ತಿದ್ದಳು. ಆಮೇಲೆ ಬರುತ್ತಿದ್ದ ಮಾತು ಆ ಒಬ್ಬರಿಗೆ ಮಾತ್ರ ಸಲ್ಲುವ ಮಾತು. ಇನ್ನೊಂದು ಮನೆಗೆ ಅದನ್ನು ಒಯ್ಯಲು ಬರುತ್ತಿರಲಿಲ್ಲ.

ಸವಡಿಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದವನೊಬ್ಬನಿದ್ದ. ಮದುವೆಯಿಲ್ಲ, ಹತ್ತಿರದ ಬಳಗವಿಲ್ಲ. ಯಾವಾಗ ನೋಡಿದರೂ ತಲೆ, ಹುಬ್ಬು, ರೆಪ್ಪೆಯೆಲ್ಲ ಹಿಟ್ಟು ಮೆತ್ತಿ ಬೆಳ್ಳಗಿರುತ್ತಿದ್ದ. ಹೆಂಗಸರು ಹಿಟ್ಟು ಬೀಸಿಸಲು ಹೋದಾಗ ಅವನನ್ನು ಮುದುಕ ಎಂದು ಚೇಷ್ಟೆ ಮಾಡುತ್ತಿದ್ದರು. ಅವನು ತೀರಿಕೊಂಡ ದಿನ ನಾನೂ ಅವ್ವನ ಜೊತೆ ಅಲ್ಲಿದ್ದೆ. ಚಿಗವ್ವ ಕೂತಳು, ಕೈ ಇಟ್ಟಳು, ಅತ್ತಳು:

‘ಊರಿಗೆಲ್ಲಾ ಹಿಟ್ಟ ಬೀಸಿ ಕೊಟ್ಟ್ಯೋ ಅಣ್ಣಾ, ನಿನ್ನ ತೆಲಿ ಮ್ಯಾಲಿನ ಹಿಟ್ಟ ಝಾಡಸವ್ರು ಯಾರೂ ಹುಟ್ಟಲಿಲ್ಲೋ…’

ಚೇಷ್ಟೆ ಮಾಡಿದ್ದ ಹೆಂಗಸರೆಲ್ಲ ಸೆರಗು ಬಾಯಿಗೆ ಒತ್ತಿಕೊಂಡರು. ನಾನು ಆಗ ರೋಣದ ಹೈಸ್ಕೂಲಿನಲ್ಲಿ ಕನ್ನಡ ಕಲಿಸಲು ಸೇರಿ ಎರಡು ವರ್ಷವಾಗಿತ್ತು. ಮಕ್ಕಳಿಗೆ ಪದ್ಯ ಬಿಡಿಸಿ ಹೇಳುವುದೇ ನನ್ನ ಕೆಲಸ. ಮರುದಿನ ತರಗತಿಯಲ್ಲಿ ಪುಸ್ತಕದ ಪದ್ಯ ಓದುತ್ತಿದ್ದರೂ ನನ್ನ ಕಿವಿಯಲ್ಲಿ ಆ ಒಂದು ಸಾಲೇ ಇತ್ತು.

ಅವ್ವ ಮತ್ತು ಚಿಗವ್ವ ಮಲಪ್ರಭೆಯ ದಂಡೆಯ ಮೆಣಸಗಿಯವರು. ಅವ್ವನನ್ನು ರೋಣದ ಕಾಳಿನ ವ್ಯಾಪಾರದವರ ಮನೆಗೆ ಕೊಟ್ಟರು, ಚಿಗವ್ವನನ್ನು ಸವಡಿಯ ಒಕ್ಕಲುತನದ ಮನೆಗೆ. ಮದುವೆಯಾದ ನಾಲ್ಕನೆಯ ವರ್ಷ ಆಕೆಯ ಗಂಡ, ನಮ್ಮ ಕಾಕಾ, ನರಗುಂದದ ಸಂತೆಗೆ ಹೋದವನು, ದಾರಿಯಲ್ಲಿ ಎದೆನೋವು ಬಂದು ಅಲ್ಲಿಯೇ ತೀರಿಕೊಂಡ. ಸಂಜೆ ದೀಪ ಹಚ್ಚುವ ಹೊತ್ತಿಗೆ ಬರುತ್ತೇನೆ ಎಂದು ಹೇಳಿ ಹೋಗಿದ್ದನಂತೆ. ಸರಿಯಾಗಿ ಅದೇ ಹೊತ್ತಿಗೆ ಅವನನ್ನು ಚಕ್ಕಡಿಯಲ್ಲಿ ತಂದು ಇಳಿಸಿದರು. ಇಪ್ಪತ್ತೆರಡು ವರ್ಷದ ಹುಡುಗಿ ಆ ದಿನ ಅತ್ತದ್ದನ್ನು ಅವ್ವ ನನಗೆ ಎಷ್ಟೋ ಸಲ ಹೇಳಿದ್ದಾಳೆ: ‘ಬರತೀನಿ ಅಂದ ಹೊತ್ತಿಗೆ ಬಂದ್ಯೋ ರಾಯಾ, ಬಂದೀನಿ ಅನ್ನಾಕ ಬಾಯಿ ಎಲ್ಲಿ ಇಟ್ಟ ಬಂದೀ…’

ಅದಕ್ಕಿಂತ ಮೊದಲು ಆಕೆ ಹೀಗೆ ಅತ್ತವಳಲ್ಲ. ಆ ದಿನದಿಂದ ಊರವರು ಆಕೆಯನ್ನು ಕರೆಯತೊಡಗಿದರು. ಕರೆಯದಿದ್ದರೂ ಆಕೆ ಹೋಗುತ್ತಿದ್ದಳು. ಅತ್ತದ್ದಕ್ಕೆ ಯಾರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಮನೆಗೆ ಬಂದು ತಲೆಮೇಲೆ ನೀರು ಹಾಕಿಕೊಂಡು, ರೊಟ್ಟಿ ಬಡಿದು, ಎಮ್ಮೆಗೆ ಮೇವು ಹಾಕುತ್ತಿದ್ದಳು. ಅವ್ವ ಆಗಾಗ ಆಕೆಯನ್ನು ಕೆಣಕುತ್ತಿದ್ದಳು.

‘ನಾ ಸತ್ತಾಗ ಚಲೋತ್ನ್ಯಾಗ ಅಳಬೇಕ ನೋಡು. ಅರ್ಧಕ್ಕ ಬಿಡಬ್ಯಾಡ.’

‘ನಿಂದು ಮುಗಿಯಂಗೇ ಇಲ್ಲಕ್ಕ,’ ಚಿಗವ್ವ ಅನ್ನುತ್ತಿದ್ದಳು. ‘ನನ್ನ ಮಾತು ಮುಗಿಯೂತನಾ ನಿನ್ನ ಎತ್ತಾಕ ಬಿಡಂಗಿಲ್ಲ ನಾ.’

ಇಬ್ಬರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಕೆಲವು ವರ್ಷಗಳ ಹಿಂದೆ ಗಜೇಂದ್ರಗಡದ ನಾಲ್ಕು ಜನ ಉತ್ಸಾಹಿಗಳು ಸೇರಿ ಈ ಭಾಗದ ಹಳ್ಳಿಯ ಕಲಾವಿದರನ್ನೆಲ್ಲ ಒಂದು ವೇದಿಕೆಗೆ ತರಬೇಕೆಂದು ಹೊರಟರು. ಯಾರನ್ನು ಕರೆಯಬೇಕೆಂದು ಆರಿಸಲು ಮೂವರನ್ನು ನೇಮಿಸಿದರು: ನರಗುಂದದ ನಿವೃತ್ತ ಸಂಗೀತ ಮಾಸ್ತರರು, ಹಳ್ಳಿಹಳ್ಳಿಗೆ ಹೋಗಿ ನಾಟಕ ಕಲಿಸುವ ಒಬ್ಬ ಮಾಸ್ತರರು, ಮತ್ತು ನಾನು. ಸಂಗೀತ ಮಾಸ್ತರರ ಮನೆಯ ಪಡಸಾಲೆಯಲ್ಲಿ ಒಂದು ಭಾನುವಾರ ಕೂತೆವು. ಭಜನೆಯವರು, ಸೋಬಾನದವರು, ಬೀಸುವ ಪದ ಹೇಳುವ ಮುದುಕಿಯರು, ಡೊಳ್ಳಿನವರು ಎಲ್ಲ ಪಟ್ಟಿಗೆ ಬಂದರು. ಕೊನೆಯಲ್ಲಿ ನಾನು ಚಿಗವ್ವನ ಊರನ್ನೂ ಹೆಸರನ್ನೂ ಬರೆದು, ‘ಕಲಾ ಪ್ರಕಾರ’ ಎಂದಿದ್ದಲ್ಲಿ ಏನು ಬರೆಯಬೇಕೋ ತಿಳಿಯದೆ ‘ಶೋಕಗೀತೆ’ ಎಂದು ತುಂಬಿದೆ.

ಸಂಗೀತ ಮಾಸ್ತರರು ಚಾಳೀಸು ಏರಿಸಿಕೊಂಡು ಓದಿದರು. ‘ಇದು ಏನ್ರಿ ಅಕ್ಕೋರ?’

ನಾನು ವಿವರಿಸಿದೆ. ನಾಟಕದ ಮಾಸ್ತರರು ತಲೆ ಅಲ್ಲಾಡಿಸಿದರು.

‘ಅಳೂದು ಕಲಾ ಅಂದ್ರ ನಾಳೆ ನಳದ ಮುಂದ ಜಗಳಾಡೂದೂ ಕಲಾ ಅನಬೇಕಾಗ್ತೈತ್ರಿ. ನಾ ಹುಡುಗ್ರಿಗೆ ಏನ ಕಲಸ್ತೀನಿ? ನೋಡವ್ರು ಅಳಬೇಕು, ಮಾಡಾಂವ ಅಳಬಾರದು. ಖರೇನ ಅತ್ತ ಅಂದ್ರ ಮಾತ ತಪ್ಪತಾನ.’

‘ಈಕಿ ಖರೇನ ಅಳ್ತಾಳ್ರಿ. ಮಾತು ತಪ್ಪಂಗಿಲ್ಲ,’ ಎಂದೆ. ಗಿರಣಿಯವನ ಮುಂದೆ ಅತ್ತ ಸಾಲನ್ನು ಹೇಳಿದೆ.

ಸಂಗೀತ ಮಾಸ್ತರರು ಚಾಳೀಸು ತೆಗೆದು ಧೋತರದ ಚುಂಗಿನಿಂದ ಒರೆಸಿದರು. ಆಮೇಲೆ ಮೆಲ್ಲಗೆ ಹೇಳಿದರು.

‘ಮಾತು ಭಾಳ ಚಲೋ ಐತ್ರಿ. ಇಲ್ಲ ಅನ್ನಂಗಿಲ್ಲ. ಆದ್ರ ಇವತ್ತ ಹಾಡಿದ್ದು ನಾಳೆ ಹಾಡಾಕ ಬರಬೇಕು. ಎರಡನೇ ಸಲ ಬಂದ್ರ ಅದು ಕಲಾ. ಬರಲಿಲ್ಲ ಅಂದ್ರ ಅದು ಬರೇ ಆದದ್ದು, ಅಷ್ಟ. ಮೊದಲ ಮಳಿ ಬಿದ್ದಾಗ ಮಣ್ಣಿನ ವಾಸನಿ ಬರ್ತೈತಿ. ಅದರಂಥ ವಾಸನಿ ಯಾವ ಅತ್ತರದಾಗೂ ಇಲ್ಲ. ಹಂಗಂತ ಮಣ್ಣಿಗೆ ಕಲಾವಿದ ಅಂತೀರೇನು?’

ಮಾಸ್ತರರ ಮಾತು ಕೇಳಿ ನನಗೆ ಸಿಟ್ಟು ಬಂತು. ಕಲೆ ಎಂದರೆ ಏನು ಎಂದು ನನಗೂ ಗೊತ್ತಿರಲಿಲ್ಲ. ಹದಿನೈದು ವರ್ಷ ಪದ್ಯ ಕಲಿಸಿದವಳಿಗೆ ಅದು ಗೊತ್ತಿರಬೇಕಿತ್ತು ಎಂಬ ನಾಚಿಕೆಯೂ ಸೇರಿಕೊಂಡಿತು. ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಅಕ್ಕಡಿಕಾಳು, ಚೀಲ, ತಕ್ಕಡಿ ಬಿಟ್ಟರೆ ಬೇರೇನೂ ಇಲ್ಲದ ಮನೆಯಲ್ಲಿ ಬೆಳೆದ ನನಗೆ, ನಮ್ಮ ಬಳಗದಲ್ಲೂ ಒಬ್ಬ ಕಲಾವಿದೆ ಇದ್ದಾಳೆ ಎಂದು ಹೇಳಿಕೊಳ್ಳುವ ಆಸೆಯಿತ್ತು.

‘ಎರಡನೇ ಸಲ ಮಾಡಿ ತೋರಿಸಿದ್ರ ಹೌದಂತೀರೇನ್ರಿ?’ ಎಂದು ಕೇಳಿದೆ.

‘ಅಂತೀನ್ರಿ,’ ಎಂದರು ಮಾಸ್ತರರು.

ಮುಂದಿನ ವಾರವೇ ಅವ್ವನನ್ನು ಕರೆದುಕೊಂಡು ಸವಡಿಗೆ ಹೋದೆ. ಚಿಗವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ವೇದಿಕೆ, ಶಾಲು, ಮೈಕು ಎಲ್ಲ ಹೇಳಿದೆ. ಆಕೆ ರೊಟ್ಟಿ ತಿರುವಿ ಹಾಕಿ ನನ್ನ ಮುಖ ನೋಡಿದಳು.

‘ಯಾರ ಸತ್ತಾರ ಅಲ್ಲೆ?’

‘ಯಾರೂ ಸತ್ತಿಲ್ಲ ಚಿಗವ್ವಾ. ಸುಮ್ನ ಅಳಬೇಕು.’

‘ಹೆಣ ಇಲ್ಲದ ಹ್ಯಾಂಗ ಅಳ್ಲವಾ? ಹುಚ್ಚಿ ಇದ್ದೀಯೇನು? ಸುಮ್ ಸುಮ್ಕ ಅತ್ರ ಮನಿಗೆ ಚಲೋ ಅಲ್ಲ.’

‘ಅದು ಕಲಾ, ಚಿಗವ್ವಾ. ನಿಂಗ ಗೊತ್ತಿಲ್ಲ. ದೊಡ್ಡ ಕಲಾ.’

‘ಕಲಾನೂ ಅಲ್ಲ, ಏನೂ ಅಲ್ಲ. ಸಂಕಟಾ ಅದು.’

ಇಷ್ಟಕ್ಕೇ ನಾನು ಎದ್ದು ಬರಬೇಕಿತ್ತು. ಆದರೆ ಮುಖ ಸಣ್ಣದು ಮಾಡಿಕೊಂಡು ಕೂತೆ. ಅವ್ವನಿಗೆ ಮಗಳ ಮುಖ ನೋಡಲಾಗಲಿಲ್ಲ. ‘ಕೂಸು ಇಷ್ಟ ಕೇಳಾಕತ್ತೈತಿ, ಒಂದ ಸಲ ಹೋಗಿ ಬಾರವಾ. ನಾನೂ ಬರ್ತೀನಿ ನಿನ್ನ ಜೋಡಿ,’ ಎಂದಳು. ನಲವತ್ತು ದಾಟಿದ ಕೂಸು ನಾನು. ಅಕ್ಕನ ಮಾತನ್ನು ಚಿಗವ್ವ ಹುಟ್ಟಿದಾಗಿನಿಂದ ಮೀರಿದವಳಲ್ಲ. ಒಲೆಯಲ್ಲಿ ಉರಿ ತಗ್ಗಿಸಿ, ‘ಆತು ಬಿಡು,’ ಎಂದಳು.

ಗಜೇಂದ್ರಗಡದ ಕಲ್ಯಾಣ ಮಂಟಪದಲ್ಲಿ ಮಧ್ಯಾಹ್ನದ ಕಾರ್ಯಕ್ರಮ. ಚಿಗವ್ವ ನೀಲಿ ಇಳಕಲ್ಲ ಸೀರೆ ಉಟ್ಟು ಬಂದಿದ್ದಳು. ಸಂಘಟಕರೊಬ್ಬರು, ಮುಂದೆ ಖುರ್ಚಿ ಇಟ್ಟು ಒಂದು ಫೋಟೋಕ್ಕೆ ಹಾರ ಹಾಕೋಣವೇ ಎಂದು ಕೇಳಿದರು. ‘ಏನೂ ಬ್ಯಾಡ್ರಿ ಯಪ್ಪಾ,’ ಎಂದು ಕೈ ಮುಗಿದಳು. ಆಕೆಯ ಪಾಳಿ ಬಂದಾಗ ಜಮಖಾನೆಯ ಮೇಲೆ ಕೂತಳು. ಮೈಕು ಮುಂದೆ ಬಂತು. ಕೈ ಇಡಲು ಯಾರ ಮೊಣಕಾಲೂ ಇಲ್ಲ. ಕೈ ಗಾಳಿಯಲ್ಲಿ ಸ್ವಲ್ಪ ಮುಂದೆ ಹೋಗಿ, ಮತ್ತೆ ಮಡಿಲಿಗೆ ಬಂತು. ಜನ ಕಾದರು. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಆಕೆ ಪಕ್ಕಕ್ಕೆ ತಿರುಗಿ, ಪರದೆಯ ಬಳಿ ನಿಂತಿದ್ದ ನನ್ನನ್ನು ಕೇಳಿದಳು: ‘ಯಾರನ್ನ ಅಳ್ಲಿ?’

ಮೈಕಿನಲ್ಲಿ ಅದು ಎಲ್ಲರಿಗೂ ಕೇಳಿಸಿತು. ಕೆಲವರು ನಕ್ಕರು. ನನಗೆ ಮಾನ ಹೋದಂತಾಯಿತು.

‘ಕಾಕಾನ್ನ ನೆನಸ್ಕೊ,’ ಎಂದುಬಿಟ್ಟೆ.

ಆಕೆ ಕಣ್ಣು ಮುಚ್ಚಿದಳು. ಬಹಳ ಹೊತ್ತಿನ ಮೇಲೆ ಬಾಯಿ ತೆರೆದಳು. ‘ಬರತೀನಿ ಅಂದ ಹೊತ್ತಿಗೆ ಬಂದ್ಯೋ ರಾಯಾ…’

ನಲವತ್ತು ವರ್ಷದ ಹಿಂದೆ ಅತ್ತದ್ದನ್ನು ಅದೇ ರಾಗದಲ್ಲಿ ಅತ್ತಳು. ಅದರ ಮುಂದೆ ಯಾವತ್ತೂ ಅಳದ ಮಾತುಗಳೂ ಬಂದವು. ಎಮ್ಮೆ ನಿನ್ನ ಕೈಗೆ ಹಾಲು ಕೊಡತಿತ್ತು, ನನ್ನ ಒದಿಯತಿತ್ತು ಎಂದಳು. ನೀನು ಸಣ್ಣಾಂವನೇ ಉಳಿದಿ, ನಾ ಮುದುಕಿ ಆಗಿ ಬಂದ್ರ ಗುರತ ಹಿಡಿತೀಯೇನೋ ಎಂದಳು. ಮುಂದಿನ ಸಾಲಿನಲ್ಲಿ ಅವ್ವ ಬಿಕ್ಕುತ್ತಿದ್ದಳು. ನಾಟಕದ ಮಾಸ್ತರರು ಕಣ್ಣೊರೆಸಿಕೊಳ್ಳುವುದನ್ನು ನಾನು ನೋಡಿದೆ. ನೋಡಿ ಹೆಮ್ಮೆಪಟ್ಟೆ.

ಮುಗಿದಾಗ ಚಪ್ಪಾಳೆ. ಸಿಳ್ಳೆ. ಹಿಂದಿನಿಂದ ಯಾರೋ ‘ಒನ್ಸ್ ಮೋರ್’ ಎಂದು ಕೂಗಿದರು. ಸಂಗೀತ ಮಾಸ್ತರರು ಎದ್ದು ನಿಂತು ಚಪ್ಪಾಳೆ ತಟ್ಟಿ, ನನ್ನ ಕಡೆ ನೋಡಿ ತಲೆ ಬಾಗಿಸಿದರು. ಚಿಗವ್ವ ಕಣ್ಣು ತೆರೆದು ಆ ಜನವನ್ನೆಲ್ಲ ನೋಡುತ್ತ ಕೂತಿದ್ದಳು. ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಟ್ಟರು. ಅದನ್ನು ಹೇಗೆ ಹಿಡಿಯಬೇಕೋ ತಿಳಿಯದೆ ಅವ್ವನ ಕೈಗೆ ದಾಟಿಸಿದಳು.

ಬಸ್ಸು ಸೂಡಿ ದಾಟಿತು. ಆಮೇಲೆ ಚಿಗವ್ವ ಕೇಳಿದಳು: ‘ಅವರು ಯಾಕ ಚಪ್ಪಾಳಿ ಹೊಡದ್ರು?’

‘ನೀ ಚಲೋ ಮಾಡಿದೆಲ್ಲ, ಅದಕ್ಕ.’

‘ಏನ ಮಾಡ್ದೆ ನಾ?’

ನಾನು ಏನೋ ಹೇಳಿದೆ. ಈಗ ನೆನಪಿಲ್ಲ. ಅವ್ವ ಬುಟ್ಟಿಯಿಂದ ಒಂದು ಮೋಸಂಬಿ ತೆಗೆದು ಸುಲಿದು ಆಕೆಯ ಕೈಗೆ ಕೊಟ್ಟಳು.

ಆ ದಿನ ಯಾರೋ ಮಾಡಿದ ವಿಡಿಯೋ ಊರೂರಿನ ಫೋನುಗಳಿಗೆ ಹೋಯಿತು. ನಾನೂ ನಾಲ್ಕು ಜನರಿಗೆ ಕಳಿಸಿದೆ. ಮೊದಮೊದಲು ಒಳ್ಳೆಯದೇ ಅನ್ನಿಸಿತು. ಕಿರಾಣಿ ಅಂಗಡಿಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಜನ ನನ್ನನ್ನು ನಿಲ್ಲಿಸಿ, ‘ನಿಮ್ಮ ಚಿಗವ್ವ ಅಂತಲ್ರಿ ಅವರು?’ ಎಂದು ಕೇಳುತ್ತಿದ್ದರು. ನಾನು ಹೌದೆನ್ನುತ್ತಿದ್ದೆ.

ಸಾವಿನ ಮನೆಗಳಲ್ಲಿ ಮಾತ್ರ ಬೇರೆಯಾಯಿತು. ಆಕೆ ಬಂದು ಕೂತೊಡನೆ ಎರಡು ಮೂರು ಫೋನುಗಳು ಮೇಲೇಳುತ್ತಿದ್ದವು. ಭಜನೆಯವರು ಭಜನೆ ನಿಲ್ಲಿಸಿ ಬಾಗಿಲಲ್ಲಿ ಇಣುಕುತ್ತಿದ್ದರು. ಆಕೆ ನಾಲ್ಕು ಮಾತು ಅತ್ತು ಲಗೂ ಎದ್ದು ಬರತೊಡಗಿದಳು. ಅಷ್ಟರಲ್ಲಿ ಸೂಡಿಯ ಒಂದು ಮನೆಯವರು ಆಕೆಯನ್ನು ಕರೆದೊಯ್ಯಲು ಕಾರು ಕಳಿಸಿದರು. ತೀರಿಕೊಂಡವರು ಹೊಲಮನೆ ಇದ್ದ ದೊಡ್ಡ ಯಜಮಾನರು. ಚಿಗವ್ವ ಅವರನ್ನು ಕಂಡವಳೂ ಅಲ್ಲ, ಅವರ ಬಗ್ಗೆ ಕೇಳಿದವಳೂ ಅಲ್ಲ. ಅವರ ಮಗ ಕೈ ಮುಗಿದು ಹೇಳಿದನಂತೆ: ‘ವಿಡಿಯೋದಾಗ ಅತ್ತೀರಲ್ರಿ ಆಯೀ, ಹಂಗ ಅಳ್ರಿ.’

ಆಕೆ ಅವರ ಮೊಣಕಾಲ ಮೇಲೆ ಕೈ ಇಟ್ಟು ಕೂತಳು. ಯಾವ ಮಾತೂ ಬರಲಿಲ್ಲ. ಇಷ್ಟು ಜನ ಕಾಯುತ್ತಿದ್ದಾರೆ, ಕಾರು ಕಳಿಸಿದ್ದಾರೆ, ಪಾಪ ಎಂದುಕೊಂಡು ವೇದಿಕೆಯ ಮೇಲೆ ಅತ್ತದ್ದನ್ನೇ ಅತ್ತಳು. ಮನೆಗೆ ಬಂದು ಸ್ನಾನ ಮಾಡಿದ ಮೇಲೆ ಆಕೆಗೆ ಹೊಳೆಯಿತಂತೆ: ಗಂಡನಿಗೆ ಅತ್ತ ಮಾತನ್ನು ಗುರುತಿಲ್ಲದ ಒಬ್ಬ ಗಂಡಸಿನ ಮುಂದೆ ಅತ್ತು ಬಂದೆನಲ್ಲ ಎಂದು. ಎರಡು ದಿನ ಊಟ ಬಿಟ್ಟಳು. ಆಮೇಲೆ ಯಾರ ಮಣ್ಣಿಗೂ ಹೋಗಲಿಲ್ಲ. ಮೊಣಕಾಲು ನೋವು ಎಂದು ಹೇಳಿ ಕಳಿಸುತ್ತಿದ್ದಳು. ಇದನ್ನೆಲ್ಲ ನನಗೆ ಹೇಳಿದ್ದು ಅವ್ವ. ನಾನು ಅದಕ್ಕೆ ಹೆಚ್ಚಿನ ಲಕ್ಷ್ಯ ಕೊಡಲಿಲ್ಲ. ಸ್ವಲ್ಪ ದಿನ ಹೋದರೆ ಸರಿಯಾಗುತ್ತದೆ ಎಂದೆ.

ಅವ್ವ ತೀರಿಕೊಂಡದ್ದು ಹೋದ ವರ್ಷದ ಹಿಂದಿನ ವರ್ಷ, ಚಳಿಗಾಲದ ಒಂದು ಬೆಳಿಗ್ಗೆ. ಜಳಕ ಮಾಡಿ, ಹಣೆಗೆ ವಿಭೂತಿ ಹಚ್ಚಿಕೊಂಡು, ಚಹಾ ಆಯಿತೇನು ಎಂದು ಕೇಳಿ, ಪಡಸಾಲೆಯ ಕಂಬಕ್ಕೆ ಒರಗಿ ಕೂತವಳು ಏಳಲಿಲ್ಲ. ದವಾಖಾನೆಗೆ ಒಯ್ದೆವು. ಒಯ್ದಂತೆಯೇ ತಂದೆವು. ಚಿಗವ್ವ ನೆರೆಯವನ ಬೈಕಿನ ಮೇಲೆ ಬಂದಿಳಿದಾಗ, ಅವ್ವ ಇರುತ್ತಿದ್ದ ನನ್ನ ಅಣ್ಣನ ಮನೆಯ ಪಡಸಾಲೆ ಹೆಂಗಸರಿಂದ ತುಂಬಿತ್ತು. ಆಕೆಯನ್ನು ಕಂಡು ಎಲ್ಲರೂ ಸರಿದು ದಾರಿ ಬಿಟ್ಟರು. ಅಳುತ್ತಿದ್ದವರು ಅಳು ನಿಲ್ಲಿಸಿದರು. ಇನ್ನು ನಮ್ಮದೇಕೆ ಎನ್ನುವಂತೆ.

ಆಕೆ ಅವ್ವನ ಪಕ್ಕ ಕೂತಳು. ಅವ್ವನ ಸೀರೆಯ ಅಂಚು ಸ್ವಲ್ಪ ಮೇಲೆ ಸರಿದಿತ್ತು, ಎಳೆದು ಪಾದ ಮುಚ್ಚಿದಳು. ಮೊಣಕಾಲ ಮೇಲೆ ಕೈ ಇಟ್ಟಳು. ನಾನು ಅವ್ವನ ಇನ್ನೊಂದು ಮಗ್ಗುಲಲ್ಲಿದ್ದೆ. ದೂರದ ಸಂಬಂಧದ ಹೆಂಗಸೊಬ್ಬಳು ಫೋನು ಎತ್ತಿ ಹಿಡಿದದ್ದು ನನಗೆ ಕಾಣಿಸಿತು. ಕಸಿದುಕೊಳ್ಳಬೇಕು ಅನ್ನಿಸಿತು, ಕೈ ಏಳಲಿಲ್ಲ.

ಚಿಗವ್ವನ ತುಟಿಗಳು ಅಲುಗಿದವು. ‘ಬರತೀನಿ ಅಂದ ಹೊತ್ತಿಗೆ…’

ಅಲ್ಲಿಗೇ ನಿಂತಿತು. ಆಕೆ ಸೆರಗನ್ನು ಬಾಯಿಗೆ ತುರುಕಿಕೊಂಡಳು. ನನ್ನನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಹೆದರಿಕೆ ಇತ್ತು. ಮತ್ತೊಮ್ಮೆ ಬಾಯಿ ತೆರೆದಳು, ಮತ್ತೆ ಮುಚ್ಚಿದಳು. ಅಣ್ಣನ ಹೆಂಡತಿ, ನಮ್ಮ ವೈನಿ, ಬಳಿ ಬಂದು ಆಕೆಯ ಭುಜ ಹಿಡಿದಳು. ‘ಚಿಗವ್ವಾ, ಒಂದೆರಡು ಮಾತರ ಅಳ್ರಿ. ಅತ್ತಿಯಾರು ಬಾಯಿಬಿಟ್ಟು ಹೇಳಿದ್ರಲ್ಲ ನಿಮಗ.’ ಚಿಗವ್ವ ತಲೆ ಅಲ್ಲಾಡಿಸಿದಳು. ಕಣ್ಣಿನಿಂದ ನೀರು ಕೂಡ ಬರಲಿಲ್ಲ. ಗೋಡೆಯ ಬಳಿ ಕೂತಿದ್ದ ಇಬ್ಬರು ಹೆಂಗಸರು ಪಿಸುಗುಟ್ಟಿದ್ದು ನನ್ನ ಕಿವಿಗೆ ಬಿತ್ತು.

‘ಒಡಹುಟ್ಟಿದಾಕಿ ಸತ್ತರೂ ಅಳವಲ್ಲಳಲ್ಲ.’

‘ಈಗ ಕಾರ್ಯಕ್ರಮ ಇದ್ರ ಅಷ್ಟ ಅಳ್ತಾಳೋ ಏನೋ.’

ಆಕೆಗೂ ಅದು ಕೇಳಿಸಿರಬೇಕು. ಅವ್ವನನ್ನು ಎತ್ತುವವರೆಗೂ ಹಾಗೇ ಕೂತಿದ್ದಳು. ಎತ್ತಲು ಬಂದಾಗ ಯಾರನ್ನೂ ತಡೆಯಲಿಲ್ಲ. ಹೊರಗೆ ಭಜನೆ ನಡೆದಿತ್ತು. ನಮ್ಮ ಅವ್ವ ತನ್ನದು ಎನ್ನುವ ಒಂದು ಮಾತೂ ಇಲ್ಲದೆ, ಎಲ್ಲರಿಗೂ ಹಾಡುವ ಭಜನೆಯಲ್ಲಿ ಮಣ್ಣಿಗೆ ಹೋದಳು.

ಮೂರನೆಯ ದಿನ ಹಿತ್ತಲಲ್ಲಿ ಚಿಗವ್ವ ಬೋಗುಣಿ ತಿಕ್ಕುತ್ತಿದ್ದಳು. ನಾನು ನೀರು ಹಾಕಲು ಹೋಗಿ ಪಕ್ಕದಲ್ಲಿ ಕೂತೆ. ಆಕೆಯೇ ಮಾತು ತೆಗೆದಳು.

‘ಮೊದಲ ನನಗ ಅಳು ಬರತಿತ್ತು. ಅದರ ಹಿಂದ ಮಾತು ಬರತಿದ್ವು. ಈಗ ಮಾತು ಮೊದಲ ಬರತಾವ ನೋಡು. ಬಂದು ಮುಂದ ನಿಂತು ನನ್ನ ಮಾರಿ ನೋಡತಾವ, ಹ್ಯಾಂಗ ಅಳ್ತಾಳ ನೋಡೂಣು ಅಂತ.’

ನಾನು ಬೋಗುಣಿಗೆ ನೀರು ಹಾಕಿದೆ.

‘ಒಂದ ಮಾತ ಹೇಳ್ಲೇನು? ಆ ದಿವಸ ಅವರು ಚಪ್ಪಾಳಿ ಹೊಡದ್ರಲ್ಲ, ಆವಾಗ ನನಗ ಒಂದ ಗಳಿಗಿ ಖುಷಿ ಆತು. ಸುಳ್ಳ ಯಾಕ ಹೇಳ್ಲಿ. ನಿಮ್ಮ ಕಾಕಾ ಸತ್ತ ಮಾತಿಗೆ ನಾ ಖುಷಿ ಆದೆವಾ.’

‘ತಪ್ಪು ನಂದು ಚಿಗವ್ವಾ,’ ಎಂದೆ.

‘ನಿಂದೇನ ತಪ್ಪು? ನನ್ನ ದೊಡ್ಡಾಕಿ ಮಾಡಾಕ ಹೋದಿ. ನಾ ಒಲ್ಲೆ ಅನ್ನಬೇಕಿತ್ತು. ಅಕ್ಕ ಹೇಳಿದ್ಲು ಅಂತ ಹೂಂ ಅಂದೆ.’ ಬೋಗುಣಿ ಬೋರಲು ಹಾಕಿದಳು. ‘ಆ ಅಕ್ಕಗ ಒಂದು ಮಾತ ಅಳಲಿಲ್ಲ.’

ನನ್ನ ಫೋನಿನಲ್ಲಿದ್ದ ವಿಡಿಯೋ ಅಳಿಸಿಬಿಡುತ್ತೇನೆ ಎಂದೆ. ಬೇರೆಯವರಿಗೂ ಅಳಿಸಲು ಹೇಳುತ್ತೇನೆ ಎಂದೆ. ಆಕೆ ಕೈ ಅಡ್ಡ ಮಾಡಿದಳು.

‘ಇರಲಿ ಬಿಡು. ಅದರಾಗ ನಿಮ್ಮ ಕಾಕಾ ಅದಾನ.’

ಅದು ಇನ್ನೂ ನನ್ನ ಬಳಿ ಇದೆ. ತೆರೆದು ನೋಡಿಲ್ಲ.

ಅವ್ವ ಹೋದ ಮರುವರ್ಷ ಕಾರ್ಯಕ್ರಮಕ್ಕೆಂದು ಸಂಗೀತ ಮಾಸ್ತರರು ಫೋನು ಮಾಡಿ, ಚಿಗವ್ವನನ್ನು ಈ ಸಲವೂ ಕರೆತರಬೇಕು ಎಂದರು. ಬರುವುದಿಲ್ಲ ಎಂದೆ. ಏಕೆ ಎಂದು ಕೇಳಿದರು. ನಡೆದದ್ದನ್ನೆಲ್ಲ ಹೇಳಿದೆ.

‘ಎರಡನೇ ಸಲ ಬರಬೇಕು ಅಂತ ನಾನ ಅಂದಿದ್ನೆಲ್ರಿ,’ ಎಂದರು. ‘ಆ ಮಾತು ತಪ್ಪಂತ ಈಗೂ ಅನ್ನಂಗಿಲ್ಲ. ನನ್ನ ಗುರುಗಳು ನನಗ ಕಲಿಸಿದ್ದು ಅದನ್ನ. ಆದ್ರ ಅದನ್ನ ಅವರಿಗೆ ಹಚ್ಚಿ ನೋಡಬಾರದಿತ್ರಿ ಅಕ್ಕೋರ.’

ಹಚ್ಚಿ ನೋಡಿದವಳು ನಾನು. ಅವರು ಅಳತೆ ಕೊಟ್ಟರು, ನಾನು ಆಕೆಯನ್ನು ಒಯ್ದು ಅದರ ಕೆಳಗೆ ನಿಲ್ಲಿಸಿದೆ. ಈಗ ಮಕ್ಕಳಿಗೆ ಪದ್ಯ ಕಲಿಸುವಾಗ, ಇದು ಕಾವ್ಯ, ಇದು ಬರೀ ಮಾತು ಎಂದು ಗೆರೆ ಎಳೆದು ತೋರಿಸುವ ಧೈರ್ಯ ನನಗಿಲ್ಲ. ಪರೀಕ್ಷೆಗೆ ಬೇಕಾದಷ್ಟನ್ನು ಹೇಳಿ ಮುಂದೆ ಹೋಗುತ್ತೇನೆ. ಚಿಗವ್ವ ಅಳುತ್ತಿದ್ದದ್ದು ಕಲೆಯೋ ಅಲ್ಲವೋ ನನಗೆ ಇಂದಿಗೂ ತಿಳಿಯದು. ಏನೇ ಆಗಿರಲಿ, ಅದಕ್ಕೊಂದು ಹೆಸರು ಬೇಕಾಗಿದ್ದದ್ದು ನನಗೇ ಹೊರತು ಆಕೆಗಲ್ಲ.

ನಾನು ಈಗ ಭಾನುವಾರಗಳಂದು ಸವಡಿಗೆ ಹೋಗುತ್ತೇನೆ. ಅವ್ವನ ಸೀರೆಗಳಲ್ಲಿ ಒಂದನ್ನು ಚಿಗವ್ವ ಕೇಳಿ ಇಸಿದುಕೊಂಡಿದ್ದಾಳೆ. ಅದನ್ನು ಉಡುವುದಿಲ್ಲ, ಮಡಚಿ ತಲೆದಿಂಬಿನ ಕೆಳಗೆ ಇಟ್ಟುಕೊಂಡಿದ್ದಾಳೆ. ಈಗಲೂ ಯಾರ ಮಣ್ಣಿಗೂ ಹೋಗುವುದಿಲ್ಲ. ಊರವರು ಕರೆಯುವುದನ್ನು ಬಿಟ್ಟಿದ್ದಾರೆ. ಇಬ್ಬರೂ ಕಟ್ಟೆಯ ಮೇಲೆ ಕೂತು ಹೆಸರುಕಾಳು ಹಸನು ಮಾಡುತ್ತೇವೆ, ಇಲ್ಲವೇ ಮೆಣಸಿನಕಾಯಿಯ ತೊಟ್ಟು ತೆಗೆಯುತ್ತೇವೆ. ಕೆಲಸದ ನಡುವೆ ಆಕೆ ಒಮ್ಮೊಮ್ಮೆ ಅವ್ವನ ಮಾತು ಹೇಳುತ್ತಾಳೆ. ರಾಗವಿಲ್ಲ, ಕಣ್ಣೀರಿಲ್ಲ. ಪೇಟೆಯ ಸುದ್ದಿ ಹೇಳಿದ ಹಾಗೆ. ಹೋದ ಭಾನುವಾರ ಕಾಳಿನ ಮೊರ ಕೆಳಗಿಟ್ಟು ಕೇಳಿದಳು:

‘ನಿಮ್ಮವ್ವಗ ಈಸು ಬರತಿತ್ತು, ಗೊತ್ತೈತೇನು?’

ನನಗೆ ಗೊತ್ತಿರಲಿಲ್ಲ.

‘ಮೆಣಸಗ್ಯಾಗ ಹೊಳಿ ತುಂಬಿ ಬಂದ್ರ ಗಂಡಹುಡುಗ್ರು ದಂಡಿಮ್ಯಾಲೆ ನಿಲ್ಲತಿದ್ರು, ಆಕಿ ಜಿಗಿಯಾಕಿ. ಆ ದಂಡಿ ಮುಟ್ಟಿ ಬರಾಕಿ. ನಾ ಈ ಕಡೆ ಆಕಿ ಅರಿವಿ ಹಿಡಕೊಂಡು ಅಳಕೋಂತ ನಿಂತಿರತಿದ್ದೆ, ಮುಳಗಿದ್ಲು ಮುಳಗಿದ್ಲು ಅಂತ.’

‘ನಮಗ ಎಂದೂ ಹೇಳಲಿಲ್ಲಲ್ಲ ಚಿಗವ್ವಾ.’

‘ಏನಂತ ಹೇಳಬೇಕು? ರೋಣಕ್ಕ ಬಂದ ಮ್ಯಾಲೆ ಎಲ್ಲಿ ಈಸಬೇಕು ಆಕಿ?’

ಚಿಗವ್ವ ಮತ್ತೆ ಮೊರ ಎತ್ತಿಕೊಂಡು ಕೇರತೊಡಗಿದಳು. ನಾನು ಅದನ್ನು ಬರೆದುಕೊಳ್ಳಲಿಲ್ಲ. ಇನ್ನೊಮ್ಮೆ ಹೇಳು ಎಂದೂ ಕೇಳಲಿಲ್ಲ. ನಾಲ್ಕು ಗಂಟೆಯ ಬಸ್ಸು ಬರುವವರೆಗೆ ಅಲ್ಲಿ ಕೂತಿದ್ದೆ.